ಮುಹ್ಲಿಸಣ್ಣ ಬರೆದುಕೊಟ್ಟ ಅರ್ಥ

ಬಾಲಿಕೆಸಿರ್ ಊರಿನ ನಿವೃತ್ತ ಗುಮಾಸ್ತ ಮುಹ್ಲಿಸ್ ನಲವತ್ತು ವರ್ಷ ಕವಿತೆ ಬರೆದರೂ ಅಚ್ಚಾದದ್ದು ಒಂದೇ. ಅದೂ ಒಂದೇ ಸಾಲು: ‘ಈ ಮುಖದಲ್ಲಿ ಉಳಿದಿರುವುದು ಒಂದು ಬೆನ್.’ ಟರ್ಕಿ ಭಾಷೆಯಲ್ಲಿ ‘ಬೆನ್’ ಎಂದರೆ ನಾನು. ಮಚ್ಚೆಗೂ ಅದೇ ಮಾತು. ಎರಡೂ ಅರ್ಥ ಹೊಳೆಯಲೆಂದೇ ಬರೆದಿದ್ದ. ಬೀದಿಗೆ ಮಾತ್ರ ಹೊಳೆದದ್ದು ಎರಡನೆಯದೇ.

ಬೆಳಗ್ಗೆ ಪತ್ರಿಕೆ ನೋಡಿದ ಹೆಂಡತಿ ನೆಜೀಹೆ ತಟ್ಟೆ ಕುಕ್ಕಿದಳು. “ನನ್ನ ಮುಖದಲ್ಲಿ ಮಚ್ಚೆ ಎಲ್ಲಿದೆ ರೀ?”

“ಮಚ್ಚೆ ಅಲ್ಲ ಕಣೇ, ನಾನು! ಕನ್ನಡಿ ಮುಂದೆ ನಿಂತಿರೋ ನಾನು!”

“ಮಚ್ಚೆ ಇರೋದು ಮಾಂಸದಂಗಡಿ ರುಸ್ತೆಮ್ ಹೆಂಡ್ತಿ ಮುಬೆಜ್ಜೆಲ್ ಕೆನ್ನೇಲಿ. ನನಗೇನು ಕಣ್ಣಿಲ್ವಾ?”

ತಪ್ಪಿಸಿಕೊಂಡು ಚಹಾದಂಗಡಿಗೆ ಓಡಿದರೆ, ಹುಲಿಗೆ ಹೆದರಿ ಮರ ಹತ್ತಿದವನಿಗೆ ಕೊಂಬೆಯ ಮೇಲೆ ಕರಡಿ ಕಂಡಂತಾಯಿತು. ವೆಹ್ಬಿ ಮೇಷ್ಟ್ರು ಅಲ್ಲಿ ಅದೇ ಸಾಲಿಗೆ ವ್ಯಾಖ್ಯಾನ ಹೇಳುತ್ತಿದ್ದರು.

“ಒಳ್ಳೇ ಕವಿತೆ ಅಂದ್ರೆ ಈರುಳ್ಳಿ ಇದ್ದ ಹಾಗೆ. ಮೊದಲನೇ ಪದರ ಮಚ್ಚೆ. ಎರಡನೇ ಪದರ ಮಚ್ಚೆಯ ಹೆಂಗಸು. ಮೂರನೇ ಪದರ ಅವಳ ಮನೆ ವಿಳಾಸ.”

“ನಿಮ್ಮ ಕಾಲಿಗೆ ಬೀಳ್ತೀನಿ ಮೇಷ್ಟ್ರೇ, ಸುಲಿಯೋದು ನಿಲ್ಲಿಸಿ!”

ಅಷ್ಟರಲ್ಲಿ ರುಸ್ತೆಮ್ ಬಂದೇಬಿಟ್ಟ. ಕೈಯಲ್ಲಿ ಮಚ್ಚು, ಬಾಯಲ್ಲಿ ಮಚ್ಚೆ.

“ಮುಹ್ಲಿಸಣ್ಣ, ನಾನು ಓದಿದವನಲ್ಲ. ಒಂದೇ ಮಾತಲ್ಲಿ ಹೇಳು. ಮಚ್ಚೆಯೋ, ನೀನೋ?”

“ನಾನು! ಬರೀ ನಾನು! ಬೇಕಾದ್ರೆ ಬರ್ಕೊಡ್ತೀನಿ!”

‘ಸದರಿ ಕವಿತೆಯಲ್ಲಿ ಮಚ್ಚೆ ಇರುವುದಿಲ್ಲ’ ಎಂದು ಬರೆದು ಸಹಿ ಹಾಕಿದ. ಮೇಷ್ಟ್ರು ಸಾಕ್ಷಿ. ರುಸ್ತೆಮ್ ಕಾಗದ ಜೇಬಿಗಿಳಿಸಿ, ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, “ಅಷ್ಟಕ್ಕೂ ಆ ಮಚ್ಚೆ ನೋಡಿ ಯಾರು ಕವಿತೆ ಬರೀತಾರೆ!” ಎಂದು ನಗುತ್ತಾ ಹೋದ.

ಮುಹ್ಲಿಸ್ ಮನೆಗೆ ಬರುವಷ್ಟರಲ್ಲಿ ಸುದ್ದಿ ತಲುಪಿ ನೆಜೀಹೆಯೂ ತಣ್ಣಗಾಗಿದ್ದಳು. ಕಾಫಿ ಕಾಸಿ ತಂದಳು. ಬದುಕಿದೆಯಾ ಬಡಜೀವವೇ ಎಂದುಕೊಳ್ಳುವಾಗ ಬಾಗಿಲು ದಬದಬ ಬಡಿಯಿತು. ಮುಬೆಜ್ಜೆಲ್! ಕಣ್ಣು ಕೆಂಪಗೆ, ಕೈಯಲ್ಲಿ ಅದೇ ಕಾಗದ.

“ಇದು ನಿಮ್ಮ ಸಹೀನಾ?”

“ಹೌದಮ್ಮಾ, ನಿನ್ನ ಮಾನ ಉಳಿಸೋಕೆ...”

“ಯಾರು ಕೇಳಿದ್ರು ನಿಮ್ಮನ್ನ? ಹದಿನೆಂಟು ವರ್ಷದ ಮೇಲೆ ಇವತ್ತು ನನ್ನ ಗಂಡ ನನ್ನ ಮುಖ ನೆಟ್ಟಗೆ ನೋಡಿದ್ದ. ‘ನನ್ನ ಹೆಂಡ್ತಿ ಮಚ್ಚೆ ಮೇಲೆ ಇನ್ನೊಬ್ಬನ ಕಣ್ಣಾ’ ಅಂತ ಕೂಗಾಡಿದ್ದ! ಈಗ ಇದನ್ನ ತೋರಿಸಿ ತೋರಿಸಿ ನಗ್ತಾನೆ. ಮಚ್ಚೆ ಅಂತಲೇ ಇನ್ನೊಂದು ಬರ್ಕೊಡಿ!”

ಮುಹ್ಲಿಸ್ ದಿಕ್ಕೆಟ್ಟು ಹೆಂಡತಿಯ ಕಡೆ ನೋಡಿದ. ಅವಳು ಅವನ ಮುಂದಿನ ಕಾಫಿ ಲೋಟವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು.

“ತಾಳು ಮುಬೆಜ್ಜೆಲ್, ನನ್ನದೂ ಒಂದು ಪ್ರಶ್ನೆ ಇದೆ. ಏನ್ರೀ, ಮುಖ ನಿಮ್ಮದು, ಉಳಿದಿರೋದೂ ನೀವೇ. ಇಷ್ಟು ವರ್ಷ ಸಂಸಾರ ಮಾಡಿದ ನಾನು ಆ ಸಾಲಲ್ಲಿ ಎಲ್ಲಿದೀನಿ?”

ಕವಿ ಇನ್ನೊಂದು ಕಾಗದ ತೆಗೆದು ‘ಸದರಿ ಕವಿತೆಯಲ್ಲಿ’ ಎಂದು ಬರೆಯತೊಡಗಿದ.