ಮಾವನ ಇರುವೆಗಳು ಕಪ್ಪೋ, ಕೆಂಪೋ?

ನಾಯಿ ಸಾಕುವವರು ‘ನಾಯಿ ಇದೆ, ಎಚ್ಚರಿಕೆ’ ಎಂದು ಬೋರ್ಡು ಹಾಕುತ್ತಾರೆ. ಪಾವಗಡದ ನನ್ನ ಸೋದರಮಾವ ‘ಇರುವೆಗಳಿವೆ, ಮೆಲ್ಲಗೆ ನಡೆಯಿರಿ’ ಎಂದು ಹಾಕಿದ್ದಾರೆ. ಈ ಮನುಷ್ಯನಿಗೂ ಮತದಾನದ ಹಕ್ಕಿದೆ!

ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಅವರಿಗೆ ಕಾವಲು ಕೆಲಸ. ಬಿಸಿಲನ್ನು ಯಾರು ಕದಿಯುತ್ತಾರೆ? ಹಾಗಾಗಿ ಅವರ ಕಣ್ಣೆಲ್ಲ ನೆಲದ ಮೇಲೆ. ಮಳೆ ಬಂದ ಮರುದಿನ ರೆಕ್ಕೆ ಕಳಚಿಕೊಂಡ ರಾಣಿ ಇರುವೆಯೊಂದು ಸಿಕ್ಕಿತು. ಉಪ್ಪಿನಕಾಯಿ ಬಾಟಲಿಯಲ್ಲಿ ಒದ್ದೆ ಹತ್ತಿಯಿಟ್ಟು ಅದನ್ನು ಮನೆತುಂಬಿಸಿಕೊಂಡರು. ಎರಡು ತಿಂಗಳಲ್ಲಿ ಹನ್ನೊಂದು ಮಕ್ಕಳು!

ನಮ್ಮ ಕಡೆ ಹೊಸಬರು ಯಾರೇ ಬಂದರೂ ಮೊದಲು ಕೇಳುವುದು ಜಾತಿ. ಇರುವೆಗೇಕೆ ವಿನಾಯಿತಿ? ಅತ್ತೆ ಶನಿಮಹಾತ್ಮನ ಹೆಸರಲ್ಲಿ ಪ್ರತಿ ಶನಿವಾರ ಕರಿ ಇರುವೆಗೆ ಸಕ್ಕರೆ ಹಾಕುವವರು. ತೀರ್ಪು ಕೊಟ್ಟೇಬಿಟ್ಟರು: “ಕರೀವಾದ್ರೆ ಇರ್ಲಿ. ಕೆಂಪಾದ್ರೆ ಈ ಶನಿವಾರ ಆಚಿಕ್ ಬುಟ್ಬುಡ್ಬೇಕು, ಅಷ್ಟೆ!”

ತನಿಖೆಗೆ ಮಧುಗಿರಿಯಿಂದ ನನ್ನನ್ನು ಕರೆಸಿದರು. ನಾನೋ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪುರಾವೆಯಿಲ್ಲದೆ ಬೆಳಗಾಯಿತೆಂದರೂ ಒಪ್ಪುವವಳಲ್ಲ. ಬಾಟಲಿ ನೋಡಿದೆ. ನೆರಳಲ್ಲಿ ಕಪ್ಪು, ಬಿಸಿಲಲ್ಲಿ ಕೆಂಪು!

ಮಾವ ಒಳಗೆ ಬೆರಳು ತೂರಿಸಿದರು. “ನೋಡು, ಕಚ್ಚಲ್ಲ. ಕೆಂಜಿಗ ಆಗಿದ್ರೆ ಬುಡ್ತಿತ್ತಾ?”

“ಕಚ್ಚಲಿಲ್ಲ ಅನ್ನೋದು ಪುರಾವೆಯಲ್ಲ ಮಾವ. ಮರ್ಯಾದಸ್ಥ ಕೆಂಜಿಗ ಇರ್ಬೋದು.”

“ನಿನ್ ಬಾಯಿಗಿಂತ ಕೆಂಜಿಗನೇ ವಾಸಿ ಕಣಮ್ಮ!”

ನನ್ನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂಗೆ ಫೋಟೊ ಕಳಿಸಿದೆ. ಫೋಟೊ ಸಾಲದು, ಒಂದನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿ ಕೊಟ್ಟರೆ ಲೆನ್ಸಿನಡಿ ನೋಡಿ ಯಾವ ಕುಲವೆಂದು ಬರೆದುಕೊಡುತ್ತೇನೆ ಎಂದರು. ಹನ್ನೊಂದರಲ್ಲಿ ಒಂದು ತಾನೆ? ತರ್ಕ ನನ್ನ ಕಡೆಗಿತ್ತು.

ಶನಿವಾರ ಬೆಳಿಗ್ಗೆ ಮಾವ ಬಾಟಲಿ ತಿರುಗಿಸಿದರು, ಮತ್ತೆ ತಿರುಗಿಸಿದರು. “ಯಾವುದನ್ನ ಕೊಡ್ಲಿ? ಈ ಸಣ್ಣದು ಇನ್ನೂ ಮೊನ್ನೆ ಹುಟ್ಟಿದ್ದು... ಬ್ಯಾಡ ಬುಡು. ಎಲ್ಲಾನೂ ಆಚೆಗೇ ಬುಟ್ಬತ್ತೀನಿ.”

ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ಅತ್ತೆ ಅಡ್ಡ ನಿಂತರು.

“ಆಚೆಗಿರೋ ಇರುವೆಗೋಳು ಇವನ್ನ ಉಳುಸ್ತವಾ? ಇತ್ಲಾಗ್ ಕೊಡಿ.” ಬಾಟಲಿಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದರು. “ಕರೀವೇ ಕಣ್ರೀ ಇವು. ಅಲ್ವೇನಮ್ಮ?”

ಎಳೆಬಿಸಿಲಲ್ಲಿ ಹನ್ನೊಂದೂ ಕುಂಕುಮದಂತೆ ಕೆಂಪಗಿದ್ದವು. ಮಾವ ನನ್ನ ಬಾಯನ್ನೇ ನೋಡುತ್ತಿದ್ದರು.

“ಹೂಂ ಅತ್ತೆ,” ಎಂದೆ. “ಕಪ್ಪೇ.”