ಬಂಪರ್ ಕಪ್ಪಾಗಲಿ, ಬರುತ್ತೇನೆ

"ಈ ಬಂಪರನ್ನು ಕಾಡಿಗೆಯಷ್ಟು ಕಪ್ಪು ಮಾಡದಿದ್ದರೆ ನಾನು ನಮ್ಮಪ್ಪನ ಮಗನೇ ಅಲ್ಲ!" ಎಂದು ನಡುಮನೆಯಲ್ಲಿ ನಿಂತು ಘೋಷಿಸಿದೆ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. ಫ್ರಿಜ್ ಮಾತ್ರ ಒಮ್ಮೆ ಗುರ್ರ್ ಎಂದು ಸುಮ್ಮನಾಯಿತು.

ತನ್ನಕ್ಕ ಕಾಲು ಮುರಿದುಕೊಂಡಳೆಂದು ನನ್ನ ಹೆಂಡತಿ ಆರೈಕೆಗೆ ಹೋಗಿದ್ದಳು. ಅಕ್ಕ ಈಗ ಧಡಧಡ ಮೆಟ್ಟಿಲು ಇಳಿಯುತ್ತಿದ್ದಾಳಂತೆ. "ಬಂದು ಕರ್ಕೊಂಡು ಹೋಗ್ರೀ" ಎಂದು ಇವಳು ಹೇಳಿಯೂ ಆಗಿತ್ತು. ಹೋಗುವುದು ಹೇಗೆ? ಅಲ್ಲಿ ನನ್ನ ಷಡ್ಡಕನಿದ್ದಾನೆ! ಕಳೆದ ಸಲ ನನ್ನ ಹಳೇ ಕಾರಿನ ಸುತ್ತ ಒಂದು ಸುತ್ತು ಬಂದು, ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಪ್ಲಾಸ್ಟಿಕ್ ಬಂಪರನ್ನು ಸವರಿ, "ಏನಯ್ಯಾ, ಕಾರಿಗೂ ತಲೆ ನರೆತಿದೆಯಲ್ಲ!" ಎಂದಿದ್ದ. ಆ ಬಂಪರ್ ಹೊತ್ತು ಮತ್ತೆ ಅವನ ಬಾಗಿಲಿಗೆ? ಪ್ರಾಣ ಹೋದರೂ ಇಲ್ಲ!

ನರೆತ ಕೂದಲಿಗೆ ಮದ್ದೇನು? ನನ್ನ ಹೇರ್ ಡೈ ತಂದು ಬಂಪರಿಗೇ ಬಳಿದೆ. ಕಾರು ತೊಳೆದದ್ದೇ ತಡ, ಬಂಪರ್ ಮತ್ತೆ ಬೂದಿ, ನನ್ನ ಎರಡೂ ಕೈ ಕಡುಗಪ್ಪು! ನೋಡಿ ನಗಲು ಅವಳೂ ಇಲ್ಲ. ಒಲೆಯ ಮುಂದೆ ನಿಂತೇ ಉಂಡು, ಒಂದೇ ತಟ್ಟೆ ತೊಳೆದಿಟ್ಟೆ. ಮನೆ ಬಿಕೋ ಎನ್ನುತ್ತಿತ್ತು. ಟಿವಿ ಹಾಕಿದ್ದು ನೋಡಲಿಕ್ಕಲ್ಲ, ಯಾರದೋ ದನಿ ಕೇಳಲಿ ಎಂದು. ಅವಳ ಫೋನೂ ಈಚೆಗೆ ಚುಟುಕಾಗಿತ್ತು. "ಊಟ ಆಯ್ತಾ?" "ಆಯ್ತು." "ಸರಿ, ಇಡ್ಲಾ?" ಅಷ್ಟೇ.

ಎದುರು ಮನೆಯ ಪೇಂಟರ್ ಹಳೇ ಬಣ್ಣ ಕೀಳಲು ಬಳಸುವ, ಬಿಸಿಗಾಳಿ ಉಗುಳುವ ಯಂತ್ರ ಕೊಟ್ಟ. "ಒಂದೇ ಕಡೆ ಹಿಡೀಬೇಡಿ ಸಾರ್, ಆಡಿಸ್ತಾ ಇರಿ" ಎಂದ. ಗಾಳಿ ತಗುಲಿದಲ್ಲೆಲ್ಲ ಬೂದಿ ಮಾಯ, ಕಪ್ಪು ಪ್ರತ್ಯಕ್ಷ! ಷಡ್ಡಕಾ, ಬಂದೆ ಇರು ಎಂದುಕೊಂಡೆ.

ಅಷ್ಟರಲ್ಲಿ ಅವಳ ಫೋನು. ಅಂದೇಕೋ ಅವಳಿಗೆ ಮಾತಿನ ಹುಮ್ಮಸ್ಸು. ಅಕ್ಕ ತಂದ ಪರದೆ ಕಿಟಕಿಗಿಂತ ಗಿಡ್ಡವಾಗಿದ್ದನ್ನು ಹೇಳಿ ಕಿಲಕಿಲ ನಕ್ಕಳು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದೆ. ಏನೋ ಸುಟ್ಟ ವಾಸನೆ ಬಂತು. ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡೆ.

ಕಣ್ಣು ಬಿಟ್ಟರೆ, ಬಂಪರ್ ಮುನಿಸಿಕೊಂಡ ಮಗುವಿನ ತುಟಿಯಂತೆ ಜೋತುಬಿದ್ದಿದೆ!

"ಅಯ್ಯಯ್ಯೋ!"

"ಏನಾಯ್ತ್ರೀ?"

ಎಲ್ಲ ಬಾಯಿಬಿಟ್ಟೆ. ಡೈ, ಷಡ್ಡಕ, ಬಿಸಿಗಾಳಿ, ಒಂದೂ ಬಿಡಲಿಲ್ಲ. "ಇನ್ನು ನಾನು ಹೇಗೆ ಬರಲಿ ಹೇಳು? ನಿಮ್ಮ ಭಾವನ ಮುಂದೆ ನನ್ನ ಮಾನ ಏನಾಗ್ಬೇಕು?"

ಅವಳು ಮೆಲ್ಲಗೆ ಕೇಳಿದಳು: "ಅದಕ್ಕಾ ನೀವು ಬರ್ಲಿಲ್ಲ? ನಾನು ಬೇಡವಾದ್ನೇನೋ ಅಂದ್ಕೊಂಡಿದ್ದೆ."

"ಛೇ ಛೇ! ಬಂಪರ್ ಒಂದು ಸರಿಯಾಗ್ಲಿ ಅಂತ..."

"ರೀ, ದಿನಾ ಸಂಜೆ ಗೇಟ್ ಹತ್ರ ನಿಂತು, ನಮ್ಮ ಕಾರಿನ ಸದ್ದು ಕೇಳುತ್ತಾ ಅಂತ ಕಾಯ್ತಿದ್ದೀನಿ. ಸದ್ದು ಬರೋಕೆ ಬಂಪರ್ ಬೇಕೇನ್ರೀ?"