ಗ್ಯಾರೇಜಿನಲ್ಲಿಟ್ಟ ಗಂಟಲಿನ ಮದ್ದು

"ಇನ್ಮೇಲೆ ನನ್ನ ಸೂಜಿ, ನನ್ನ ಹೊಟ್ಟೆ, ನನ್ನ ಜವಾಬ್ದಾರಿ! ನೀನು ತಲೆ ಹಾಕ್ಬೇಡ!"

ನಾರ್ಬರ್ಟ್ ಹೆಂಡತಿ ಡಾರ್ಲಾಳ ಮುಂದೆ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ ವಿಸ್ಕಾನ್ಸಿನ್ನಿನಲ್ಲಿ ಮೊದಲ ಹಿಮ ಬಿದ್ದಿತ್ತು. ಜಿಂಕೆ ಹೊಡೆಯುವ ಗಂಡಸಿಗೆ ಹೆಂಡತಿ ಇಂಜೆಕ್ಷನ್ ಕೊಡುವುದೆಂದರೇನು? ಮರ್ಯಾದೆಯ ಪ್ರಶ್ನೆ!

ಅವನ ಅನ್ನನಾಳ ಬಹಳ ಕಾಲದಿಂದ ಮುನಿಸಿಕೊಂಡಿತ್ತು. ಒಳಗೆಲ್ಲ ಉರಿಯೂತ. ಮಾಂಸದ ತುಂಡು ಕೆಳಗಿಳಿಯದೆ ನಡುದಾರಿಯಲ್ಲೇ ಧರಣಿ ಕೂರುತ್ತಿತ್ತು. ಡಾಕ್ಟರು ಹಾಲು ಬಿಡು ಎಂದರು, ಅದೂ ಚೀಸ್ ಕಾರ್ಖಾನೆಯಲ್ಲಿ ಆಯುಷ್ಯ ಸವೆಸಿದವನಿಗೆ! ಗೋಧಿ ಬಿಡು, ಮೊಟ್ಟೆ ಬಿಡು ಎಂದರು. ಅವನು ಎಲ್ಲವನ್ನೂ ಬಿಟ್ಟ, ಕಾಯಿಲೆ ಮಾತ್ರ ಅವನನ್ನು ಬಿಡಲಿಲ್ಲ. ಕೊನೆಗೆ ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ದಪ್ಪ ಪೆನ್ನಿನಂಥದ್ದು, ಫ್ರಿಜ್ಜಿನಲ್ಲೇ ಇಡಬೇಕು. ಡಾರ್ಲಾ ಚುಚ್ಚುತ್ತಿದ್ದಳು, ನಾರ್ಬರ್ಟ್ ಊರು ಕೇಳುವಂತೆ ಕಿರುಚುತ್ತಿದ್ದ. ಬೇಸಿಗೆ ಕಳೆಯುವಷ್ಟರಲ್ಲಿ ಕೋಳಿ ಸಲೀಸಾಗಿ ಇಳಿಯತೊಡಗಿತು!

ಕ್ರಿಸ್‌ಮಸ್‌ಗೆ ಮುಂಚೆ ಅವರ ಮದುವೆಯ ವಾರ್ಷಿಕೋತ್ಸವದ ದಿನ. ಅಂದು ಕೆರೆಯಂಚಿನ ಸಪ್ಪರ್ ಕ್ಲಬ್ಬೆಂಬ ಹೋಟೆಲಿಗೆ ಹೋಗಿ ಇಬ್ಬರೂ ಪಕ್ಕೆಮಾಂಸ ತಿನ್ನುವುದೆಂದು ಮಾತಾಗಿತ್ತು. ಗಂಡನ ಗಂಟಲಲ್ಲಿ ಮಾಂಸ ಇಳಿಯದಾದಂದಿನಿಂದ ಡಾರ್ಲಾಳೂ ಮಾಂಸ ಬಿಟ್ಟು, ಅವನು ಕುಡಿದ ಸೂಪನ್ನೇ ಕುಡಿದಿದ್ದಳು. ಆ ಊಟಕ್ಕಾಗಿ ಅವಳು ಹೊಸ ಅಂಗಿಯನ್ನೂ ಹೊಲಿಸಿಕೊಂಡಿದ್ದಳು.

ಅಷ್ಟರಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂತು. ಮನೆ ತುಂಬ ನೆಂಟರು, ಫ್ರಿಜ್ಜಿನ ತುಂಬ ಟರ್ಕಿ ಕೋಳಿ.

"ನಾರ್ಬ್, ನಿನ್ನ ಮದ್ದಿನ ಪೆಟ್ಟಿಗೆ ಸ್ವಲ್ಪ ಪಕ್ಕಕ್ಕೆ ಸರಿಸು. ಕುಂಬಳಕಾಯಿ ಪೈ ಇಡ್ಬೇಕು."

ಪಕ್ಕಕ್ಕೆ ಸರಿಸುವುದು ಸಾಮಾನ್ಯರ ಬುದ್ಧಿ. ನಾರ್ಬರ್ಟನದು ಮಹಾಬುದ್ಧಿ! ಆ ಊರಲ್ಲಿ ಚಳಿಗಾಲ ಬಂತೆಂದರೆ ಬಿಯರು, ಜಿಂಕೆಮಾಂಸ, ಹಬ್ಬದಲ್ಲಿ ಮಿಕ್ಕ ಅಡುಗೆ ಎಲ್ಲಕ್ಕೂ ಮನೆಗಂಟಿದ, ಕಾರು ನಿಲ್ಲಿಸುವ ಗ್ಯಾರೇಜೇ ಗತಿ. ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ದೇವರು ಕೊಟ್ಟ ಬಿಟ್ಟಿ ಫ್ರಿಜ್ಜು! ಅವನು ಇಡೀ ತಿಂಗಳ ಮದ್ದನ್ನು ಒಯ್ದು ಬಿಯರಿನ ಪಕ್ಕ ಪ್ರತಿಷ್ಠಾಪಿಸಿ, ತನ್ನ ಬೆನ್ನು ತಾನೇ ತಟ್ಟಿಕೊಂಡು ಒಳಬಂದ.

ಅಂದು ಬಡಗಣ ಗಾಳಿ ಬೀಸಿ ನೀರೆಲ್ಲ ಹೆಪ್ಪುಗಟ್ಟುವ ಚಳಿ ಬಿತ್ತು. ಹಬ್ಬದೂಟ ಮುಗಿದು ನೆಂಟರು ಹೊರಟ ಮೇಲೆ ಗ್ಯಾರೇಜಿಗೆ ಹೋಗಿ ನೋಡಿದರೆ ಬಿಯರಿನ ಡಬ್ಬಿಗಳು ಹೊಟ್ಟೆ ಬಿರಿದುಕೊಂಡು ಬಿದ್ದಿದ್ದವು. ಮದ್ದು ಕಲ್ಲಾಗಿತ್ತು! ಅದನ್ನು ಕರಗಿಸಲು ನಾರ್ಬರ್ಟ್ ಪೆನ್ನುಗಳನ್ನು ಎರಡೂ ಕಂಕುಳಿಗೆ ತುರುಕಿಕೊಂಡು ಬಂದು ಟೀವಿಯ ಮುಂದೆ ಕುಳಿತ.

"ಯಾಕೋ ರೆಕ್ಕೆ ಕಟ್ಟಿದ ಟರ್ಕಿ ಥರ ಕೂತಿದ್ದೀಯ?"

"ಚಳಿ ಕಣೇ."

"ಬೆವರು ಸುರೀತಿದೆ, ಚಳಿಯಂತೆ! ಕೈ ಎತ್ತು."

"ಎತ್ತೋಲ್ಲ."

"ನಾರ್ಬರ್ಟ್!"

ಡಾರ್ಲಾಳ ಬಾಯಲ್ಲಿ ಪೂರ್ತಿ ಹೆಸರು ಬಂದ ಮೇಲೆ ಕೈ ಎತ್ತದೆ ಗತಿಯಿಲ್ಲ. ಪೆನ್ನುಗಳು ಒಂದೊಂದಾಗಿ ನೆಲಕ್ಕುದುರಿದವು.

ಅವಳು ಸ್ಪೀಕರ್ ಹಾಕಿ ಔಷಧಿ ಅಂಗಡಿಯವರಿಗೆ ಫೋನು ಮಾಡಿದಳು. ಆ ಕಡೆಯ ಹೆಂಗಸು ಕೇಳಿದಳು: "ಮದ್ದು ಹೆಪ್ಪುಗಟ್ಟಿತ್ತಾ?"

"ಏನೋ ಒಂಚೂರು..." ಎಂದ ನಾರ್ಬರ್ಟ್.

"ಒಂಚೂರಾ? ಅದ್ರಲ್ಲಿ ಮೊಳೆ ಹೊಡೀಬಹುದಿತ್ತು!" ಎಂದಳು ಡಾರ್ಲಾ.

"ಹಾಗಾದ್ರೆ ಕರಗಿದ್ರೂ ಚುಚ್ಕೋಬೇಡಿ, ಕೆಟ್ಟುಹೋಗಿರುತ್ತೆ. ಹೊಸದಕ್ಕೆ ವಿಮೆಯವರು ಒಪ್ಪಬೇಕು. ಹಬ್ಬದ ರಜ ಬೇರೆ, ಹೊಸ ವರ್ಷದೊಳಗೆ ಸಿಗೋದು ಅನುಮಾನ."

ಡಾರ್ಲಾ ಫೋನಿಟ್ಟಳು. ಅಡುಗೆಮನೆಗೆ ಹೋಗಿ ಸೂಪು ರುಬ್ಬುವ ಮಿಕ್ಸಿಯನ್ನು ಮತ್ತೆ ಕೆಳಗಿಳಿಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು! ಆ ಮಿಕ್ಸಿಯ ಸದ್ದು ಕೇಳುತ್ತ ನಾರ್ಬರ್ಟನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ತಾನು ಕೆಡಿಸಿದ್ದು ಬರೀ ಮದ್ದನ್ನಲ್ಲ, ಅವಳು ಆಸೆಪಟ್ಟ ಒಂದೇ ಒಂದು ಊಟವನ್ನು.

ವಾರಗಳು ಉರುಳಿದಂತೆ ಗಂಟಲು ಮತ್ತೆ ಬಿಗಿಯಿತು. ಆದರೂ ಮದುವೆಯ ದಿನ ಅವನೇ ಹಟ ಹಿಡಿದು ಅವಳನ್ನು ಸಪ್ಪರ್ ಕ್ಲಬ್ಬಿಗೆ ಕರೆದೊಯ್ದ. "ನನಗೆ ಸೂಪು. ನೀನಾದ್ರೂ ತಿನ್ನೇ, ನನ್ನಾಣೆ," ಎಂದು ಅಂಗಲಾಚಿದ. ಬೇಡವೆಂದಾಳು, ತನ್ನ ಜೊತೆ ಸೂಪನ್ನೇ ಕುಡಿದಾಳು ಎಂದು ಒಳಗೊಳಗೇ ನಂಬಿದ್ದ. ಡಾರ್ಲಾ ಬಡಿಸುವವಳನ್ನು ಕರೆದು, ಇದ್ದುದರಲ್ಲಿ ಎಲ್ಲಕ್ಕಿಂತ ದೊಡ್ಡ ತುಂಡು ತರಲು ಹೇಳಿದಳು.

ಮೊದಲ ತುತ್ತು ಬಾಯಿಗಿಟ್ಟಳು. ಅಗಿದಳು. ಕಣ್ಣಲ್ಲಿ ನೀರು ದಳದಳನೆ ಇಳಿಯಿತು. ನಾರ್ಬರ್ಟ್ ಅವಳ ಕೈ ಹಿಡಿದುಕೊಂಡ.

"ಅಳ್ಬೇಡ್ವೇ. ತಪ್ಪು ನಂದೇ. ನನಗೋಸ್ಕರ ಇಷ್ಟು ನೊಂದ್ಕೋಬೇಡ."

ಡಾರ್ಲಾ ಕೈ ಬಿಡಿಸಿಕೊಂಡು ಚಾಕು ಎತ್ತಿಕೊಂಡಳು.

"ನಿನಗೋಸ್ಕರ ಯಾರಯ್ಯ ಅಳ್ತಿದಾರೆ? ಇಂಥದ್ದನ್ನ ಬಿಟ್ಟು ಇಷ್ಟು ವರ್ಷ ನಿನ್ನ ಜೊತೆ ಸೂಪು ಕುಡಿದ್ನಲ್ಲ, ನನ್ನ ಪೆದ್ದುತನಕ್ಕೆ ಅಳ್ತಿದೀನಿ!"